ಇಂಗ್ಲಿಷ್ ಪಾಠದಲ್ಲಿ ಜೋಡಿ ಅಲ್ಪವಿರಾಮಕ್ಕೂ ಜಾಗವಿರಲಿ

ಮಾನ್ಯ ಸಂಪಾದಕರೇ,

ಶಾಲೆಗಳಲ್ಲಿ ಇಂಗ್ಲಿಷ್ ಕಲಿಕೆಯ ವಿಷಯ ಬಂದಾಗಲೆಲ್ಲ ಉಚ್ಚಾರಣೆ, ಸ್ಪೆಲ್ಲಿಂಗ್ ಮತ್ತು ಕ್ರಿಯಾಪದದ ಕಾಲಗಳ ಚರ್ಚೆ ನಡೆಯುತ್ತದೆಯೇ ಹೊರತು, ವಾಕ್ಯದ ನಡುವೆ ಬಂದು ಸೇರುವ ಹೆಚ್ಚುವರಿ ಮಾತಿನ ಎರಡೂ ಬದಿಗೆ ಅಲ್ಪವಿರಾಮ ಹಾಕುವ ಕ್ರಮವನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. 2019ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ರಾಜ್ಯಕ್ಕೇ ಮೊದಲ ಸ್ಥಾನ ಪಡೆದ ಹಾಸನ ಜಿಲ್ಲೆಯಲ್ಲಿ ಬಹಳ ವರ್ಷ ಇಂಗ್ಲಿಷ್ ಪಾಠ ಹೇಳಿದವನು ನಾನು. ಒಳ್ಳೆಯ ಅಂಕ ತೆಗೆಯುವ ಮಕ್ಕಳೂ ಈ ಒಂದು ಕಡೆ ತಪ್ಪುವುದನ್ನು ಮತ್ತೆ ಮತ್ತೆ ಕಂಡಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಶಾಲೆಯೊಂದರ ಸೂಚನಾ ಫಲಕದಲ್ಲಿ ಇತ್ತೀಚೆಗೆ ಓದಿದ ವಾಕ್ಯ ಹೀಗಿತ್ತು: 'ದಿ ಸ್ಟೂಡೆಂಟ್ಸ್, ಹೂ ಫೇಲ್ಡ್ ಇನ್ ಮ್ಯಾಥಮ್ಯಾಟಿಕ್ಸ್, ಶುಡ್ ಅಟೆಂಡ್ ದಿ ಸ್ಪೆಷಲ್ ಕ್ಲಾಸ್.' ಗಣಿತದಲ್ಲಿ ಅನುತ್ತೀರ್ಣರಾದ ಮಕ್ಕಳು ಮಾತ್ರ ವಿಶೇಷ ತರಗತಿಗೆ ಬರಬೇಕೆಂಬುದು ಬರೆದವರ ಉದ್ದೇಶ. ಆದರೆ ಇಂಗ್ಲಿಷಿನಲ್ಲಿ ಹೀಗೆ ಎರಡು ಅಲ್ಪವಿರಾಮಗಳ ನಡುವೆ ಇಟ್ಟ ಮಾತನ್ನು ತೆಗೆದುಹಾಕಿದರೂ ವಾಕ್ಯದ ಮುಖ್ಯ ಅರ್ಥ ಹಾಗೆಯೇ ಉಳಿಯಬೇಕು. ಇಲ್ಲಿ ಅದನ್ನು ತೆಗೆದರೆ 'ವಿದ್ಯಾರ್ಥಿಗಳು ವಿಶೇಷ ತರಗತಿಗೆ ಬರಬೇಕು' ಎಂದಷ್ಟೇ ಉಳಿಯುತ್ತದೆ. ಅಂದರೆ ಎಲ್ಲ ಮಕ್ಕಳೂ ಬರಬೇಕು, ಮೇಲಾಗಿ ಎಲ್ಲರೂ ಗಣಿತದಲ್ಲಿ ಅನುತ್ತೀರ್ಣರು ಎಂದಾಯಿತು. ಅದೇ ವಾಕ್ಯವನ್ನು ಒಂದೂ ಅಲ್ಪವಿರಾಮವಿಲ್ಲದೆ ಬರೆದಿದ್ದರೆ ಬರೆದವರ ಉದ್ದೇಶ ನೇರವಾಗಿ ತಲುಪುತ್ತಿತ್ತು.

ನಮ್ಮ ಮಕ್ಕಳಿಗೆ ಇದು ಕಷ್ಟವಾಗುವುದು ಅವರ ಅಲಕ್ಷ್ಯದಿಂದಲ್ಲ. 'ಸಕಲೇಶಪುರದಲ್ಲಿರುವ ನನ್ನ ತಮ್ಮ ಕಾಫಿ ಬೆಳೆಯುತ್ತಾನೆ' ಎಂದು ಕನ್ನಡದಲ್ಲಿ ಹೇಳಿದಾಗ 'ಸಕಲೇಶಪುರದಲ್ಲಿರುವ' ಎಂಬ ವಿವರ ತಮ್ಮನಿಗಿಂತ ಮೊದಲೇ ಬಂದು, ಯಾವ ಚಿಹ್ನೆಯೂ ಬೇಕಿಲ್ಲದೆ ಅವನಿಗೆ ಅಂಟಿಕೊಳ್ಳುತ್ತದೆ. ನನಗಿರುವವನು ಒಬ್ಬನೇ ತಮ್ಮನೋ, ಅಥವಾ ಮೂವರು ತಮ್ಮಂದಿರಲ್ಲಿ ಸಕಲೇಶಪುರದವನ ಮಾತನ್ನಷ್ಟೇ ಎತ್ತಿದ್ದೇನೋ ಎಂಬುದು ಕೇಳುವವರಿಗೆ ಸಂದರ್ಭದಿಂದ ತಿಳಿಯುತ್ತದೆ. ಇಂಗ್ಲಿಷಿನಲ್ಲಾದರೋ ವಿವರ ನಾಮಪದದ ನಂತರ ಬರುತ್ತದೆ. ಆಗ 'ಮೈ ಬ್ರದರ್, ಹೂ ಲಿವ್ಸ್ ಇನ್ ಸಕಲೇಶಪುರ, ಗ್ರೋಸ್ ಕಾಫಿ' ಎಂದು ಬರೆದರೆ ತಮ್ಮ ಒಬ್ಬನೇ ಎಂದೂ, ಅವನು ಇರುವ ಊರು ಹೆಚ್ಚುವರಿ ಮಾಹಿತಿ ಎಂದೂ ಅರ್ಥ. ಅಲ್ಪವಿರಾಮಗಳನ್ನು ತೆಗೆದರೆ ಇರುವ ತಮ್ಮಂದಿರಲ್ಲಿ ಸಕಲೇಶಪುರದಲ್ಲಿರುವವನು ಎಂದು ಅರ್ಥ. ಕನ್ನಡ ಸಂದರ್ಭಕ್ಕೆ ಬಿಟ್ಟುಕೊಡುವ ಕೆಲಸವನ್ನು ಇಂಗ್ಲಿಷ್ ಈ ಚಿಕ್ಕ ಚಿಹ್ನೆಗೆ ವಹಿಸಿದೆ. ಈ ವ್ಯತ್ಯಾಸವನ್ನು ಎಂಟನೆಯ ತರಗತಿಯಲ್ಲಿ ಕನ್ನಡದಲ್ಲೇ ಒಂದು ದಿನ ವಿವರಿಸಿದರೆ, ವ್ಯಾಕರಣದ ಪಾರಿಭಾಷಿಕ ಪದಗಳನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಹೆಚ್ಚು ಪ್ರಯೋಜನವಾಗುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ.

ಇದಕ್ಕಿಂತಲೂ ಸಾಮಾನ್ಯವಾದ ತಪ್ಪೆಂದರೆ ಮೊದಲ ಅಲ್ಪವಿರಾಮ ಹಾಕಿ ಎರಡನೆಯದನ್ನು ಬಿಡುವುದು. 'ದಿ ಚೆನ್ನಕೇಶವ ಟೆಂಪಲ್, ಕಾನ್ಸಿಕ್ರೇಟೆಡ್ ಇನ್ 1117 ಸ್ಟ್ಯಾಂಡ್ಸ್ ಅಟ್ ಬೇಲೂರು' ಎಂಬ ಬಗೆಯ ವಾಕ್ಯಗಳು ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಮಾತ್ರವಲ್ಲ, ಪ್ರವಾಸಿಗರಿಗೆಂದು ಮುದ್ರಿಸುವ ಕರಪತ್ರಗಳಲ್ಲೂ ಧಾರಾಳವಾಗಿ ಸಿಗುತ್ತವೆ. 1117 ಎಂಬ ಅಂಕಿಯ ನಂತರ ಇನ್ನೊಂದು ಅಲ್ಪವಿರಾಮ ಬೀಳದಿದ್ದರೆ ನಡುವಿನ ಮಾತು ಎಲ್ಲಿ ಮುಗಿಯಿತು, ಮುಖ್ಯ ವಾಕ್ಯ ಎಲ್ಲಿ ಮುಂದುವರಿಯಿತು ಎಂಬುದೇ ಗೊತ್ತಾಗುವುದಿಲ್ಲ. ಒಂಟಿ ಎತ್ತಿಗೆ ನೊಗ ಹೂಡಿದಂತೆ, ಒಂದೇ ಅಲ್ಪವಿರಾಮದಿಂದ ಇಲ್ಲಿ ಕೆಲಸ ಸಾಗದು. ನಡುವಿನ ಮಾತಿನೊಳಗೇ ಅಲ್ಪವಿರಾಮಗಳಿದ್ದರೆ ಅಡ್ಡಗೆರೆ ಬಳಸುವುದು ಮೇಲು: 'ಟೆಂಪಲ್ಸ್ ಇನ್ ತ್ರೀ ಪ್ಲೇಸಸ್ — ಬೇಲೂರು, ಹಳೇಬೀಡು ಆ್ಯಂಡ್ ಸೋಮನಾಥಪುರ — ಎಂಟರ್ಡ್ ದಿ ಯುನೆಸ್ಕೊ ಲಿಸ್ಟ್ ಇನ್ 2023.' 'ಆಫ್ ಕೋರ್ಸ್', 'ಇನ್ ಫ್ಯಾಕ್ಟ್' ಮುಂತಾದ ಚುಟುಕು ಮಾತುಗಳಿಗೂ ನಿಯಮ ಇದೇ. ಆದರೆ ಅಲ್ಲಿ ಅಲ್ಪವಿರಾಮ ಬಿಟ್ಟುಹೋದರೆ ಸಾಮಾನ್ಯವಾಗಿ ಅರ್ಥ ಕೆಡುವುದಿಲ್ಲವಾದ್ದರಿಂದ ಅಂಥದ್ದಕ್ಕೆ ಅಂಕ ಕಳೆಯುವುದು ನನಗೆ ಸರಿ ಕಾಣುವುದಿಲ್ಲ.

ಮಕ್ಕಳು ಹೀಗೆ ತಪ್ಪುವುದಕ್ಕೆ ತರಗತಿಗಳಲ್ಲಿ ಇಂದಿಗೂ ಹೇಳಿಕೊಡುವ 'ಉಸಿರು ನಿಲ್ಲಿಸುವ ಕಡೆ ಕಾಮಾ ಹಾಕು' ಎಂಬ ಸೂತ್ರವೂ ಕಾರಣ. ಗಟ್ಟಿಯಾಗಿ ಓದುವಾಗ ಅದು ಸ್ವಲ್ಪ ಮಟ್ಟಿಗೆ ನೆರವಾಗಬಹುದು. ಬರೆಯುವಾಗ ಮಾತ್ರ ಅದನ್ನು ನಂಬಿದ ಮಗು ಉದ್ದನೆಯ ಕರ್ತೃಪದದ ಕೊನೆಗೆ ಉಸಿರು ಬಿಟ್ಟು, 'ದಿ ಪೀಪಲ್ ಆಫ್ ದಿ ಮಲೆನಾಡು ತಾಲ್ಲೂಕ್ಸ್, ಡಿಪೆಂಡ್ ಆನ್ ಕಾಫಿ' ಎಂದು ಕರ್ತೃವಿಗೂ ಕ್ರಿಯಾಪದಕ್ಕೂ ನಡುವೆ ಸಲ್ಲದ ಅಲ್ಪವಿರಾಮ ಹಾಕುತ್ತದೆ. ನಡುವಿನ ಮಾತನ್ನು ಬೆರಳಿನಿಂದ ಮುಚ್ಚಿ ಉಳಿದದ್ದನ್ನು ಓದಿಸಬೇಕು. ವಾಕ್ಯ ಪೂರ್ತಿಯಾಗಿದ್ದು, ಹೇಳಬೇಕಾದ ಅರ್ಥವೂ ಉಳಿದಿದ್ದರೆ ಎರಡೂ ಬದಿಗೆ ಅಲ್ಪವಿರಾಮ ಹಾಕಿಸಬೇಕು, ಅರ್ಥ ಬದಲಾದರೆ ಎರಡನ್ನೂ ಬಿಡಿಸಬೇಕು. ನನ್ನ ತರಗತಿಯಲ್ಲಿ ಈ ಪರೀಕ್ಷೆಯನ್ನು ಹಿಂದಿನ ಬೆಂಚಿನ ಮಕ್ಕಳೂ ಬೇಗ ಹಿಡಿಯುತ್ತಿದ್ದರು.

ಇದು ಅಂಕಗಳಿಗಷ್ಟೇ ಸಂಬಂಧಿಸಿದ್ದೆಂದು ಯಾರೂ ತಿಳಿಯಬಾರದು. ಕೆನಡಾದ ರೋಜರ್ಸ್ ಮತ್ತು ಅಲಿಯಂಟ್ ಎಂಬ ಎರಡು ಕಂಪನಿಗಳು ಕೇಬಲ್ ಎಳೆಯುವ ಕಂಬಗಳ ಬಳಕೆಗಾಗಿ 2002ರಲ್ಲಿ ಇಂಗ್ಲಿಷಿನಲ್ಲಿ ಒಪ್ಪಂದ ಮಾಡಿಕೊಂಡಿದ್ದವು. ಒಪ್ಪಂದವು ಐದು ವರ್ಷ ಜಾರಿಯಲ್ಲಿದ್ದು, ಆ ಬಳಿಕ ಐದೈದು ವರ್ಷದ ಅವಧಿಗಳಿಗೆ ಮುಂದುವರಿಯುವುದೆಂದೂ, ಒಂದು ವರ್ಷದ ಮುಂಗಡ ನೋಟಿಸ್ ಕೊಟ್ಟು ರದ್ದುಪಡಿಸಬಹುದೆಂದೂ ಅದರ ಒಂದೇ ವಾಕ್ಯದಲ್ಲಿ ಇತ್ತು. 'ಆ ಬಳಿಕ ಐದೈದು ವರ್ಷ' ಎಂಬ ಭಾಗದ ಎರಡೂ ಬದಿಗೆ ಅಲ್ಪವಿರಾಮ ಬಿದ್ದದ್ದರಿಂದ ಅದು ನಡುವಿನ ಮಾತಾಗುತ್ತದೆ, ಹಾಗಾಗಿ ರದ್ದುಪಡಿಸುವ ಹಕ್ಕು ಮೊದಲ ಐದು ವರ್ಷಕ್ಕೂ ಅನ್ವಯಿಸುತ್ತದೆ ಎಂದು ಅಲ್ಲಿನ ದೂರಸಂಪರ್ಕ ಆಯೋಗ 2006ರಲ್ಲಿ ತೀರ್ಮಾನಿಸಿತು. ಐದು ವರ್ಷ ನಿಶ್ಚಿಂತೆ ಎಂದುಕೊಂಡಿದ್ದ ರೋಜರ್ಸ್ ಕಂಪನಿ, ಆ ಒಪ್ಪಂದಕ್ಕೆ ಆಧಾರವಾಗಿದ್ದ ಮಾದರಿ ಕರಾರಿನ ಫ್ರೆಂಚ್ ಆವೃತ್ತಿಯನ್ನು ಮುಂದಿಟ್ಟು 2007ರಲ್ಲಿ ಆ ತೀರ್ಮಾನವನ್ನು ಬದಲಿಸಿಕೊಳ್ಳಬೇಕಾಯಿತು. ತೋಟದ ಗುತ್ತಿಗೆ, ಹೋಂಸ್ಟೇ ಕರಾರು, ಕಾಫಿ ರಫ್ತಿನ ಒಪ್ಪಂದಗಳನ್ನು ಇಂಗ್ಲಿಷಿನಲ್ಲೂ ಬರೆಯುವ ಹಾಸನ, ಚಿಕ್ಕಮಗಳೂರಿನಂಥ ಜಿಲ್ಲೆಗಳಲ್ಲಿ ನಾಳೆ ಅವುಗಳ ಕರಡು ಸಿದ್ಧಪಡಿಸುವವರು ಇಂದಿನ ನಮ್ಮ ವಿದ್ಯಾರ್ಥಿಗಳೇ.

ಆದ್ದರಿಂದ ನನ್ನ ಮನವಿ ಇಷ್ಟು. ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯು (ಡಯಟ್) ಪ್ರೌಢಶಾಲಾ ಇಂಗ್ಲಿಷ್ ಶಿಕ್ಷಕರಿಗೆ ನಡೆಸುವ ತರಬೇತಿಯಲ್ಲಿ ಈ ವಿಷಯಕ್ಕೆ ಒಂದು ಅವಧಿ ಮೀಸಲಿಡಲಿ, ಅದನ್ನು ಕನ್ನಡ ವಾಕ್ಯರಚನೆಯೊಂದಿಗೆ ಹೋಲಿಸಿ ಕಲಿಸುವ ಕ್ರಮವನ್ನು ತೋರಿಸಲಿ. ತಮ್ಮ ಪತ್ರಿಕೆಯೂ ವಿದ್ಯಾರ್ಥಿಗಳಿಗೆ ಮಾದರಿ ಪ್ರಶ್ನೆಗಳನ್ನು ಪ್ರಕಟಿಸುವಾಗ, ಅಲ್ಪವಿರಾಮ ಇದ್ದಾಗ ಮತ್ತು ಇಲ್ಲದಾಗ ಅರ್ಥ ಬದಲಾಗುವ ನಾಲ್ಕಾರು ವಾಕ್ಯಗಳನ್ನು, ಕೇವಲ ಉತ್ತರ ಕೊಡದೆ ಕಾರಣದ ಸಮೇತ, ಸೇರಿಸಬೇಕೆಂದು ಕೋರುತ್ತೇನೆ.

— ನಿವೃತ್ತ ಇಂಗ್ಲಿಷ್ ಶಿಕ್ಷಕ, ಹಾಸನ