ಪದವಿ ವಿದ್ಯಾರ್ಥಿಗಳ ಪ್ರಬಂಧ ಮಂಡನೆಗೆ ಮುಂಗಡ ಹಣ ಕೊಡಿ

ಮಾನ್ಯ ಸಂಪಾದಕರೇ,

ಅಂತರ ಕಾಲೇಜು ಕಬಡ್ಡಿಗೆ ಹೊರಟ ತಂಡಕ್ಕೆ ಕ್ರೀಡಾ ಶುಲ್ಕದ ಲೆಕ್ಕದಿಂದ ಬಸ್ ಚಾರ್ಜು, ಊಟದ ಖರ್ಚು ಸಿಗುತ್ತದೆ. ಸಿಗಲೇಬೇಕು. ಅದೇ ಕಾಲೇಜಿನ ಅಂತಿಮ ವರ್ಷದ ಬಿ.ಎಸ್ಸಿ. ಅಥವಾ ಬಿ.ಎ. ವಿದ್ಯಾರ್ಥಿಯ ಪ್ರಬಂಧ ಬೆಂಗಳೂರಿನದೋ ಧಾರವಾಡದ್ದೋ ವಿಚಾರ ಸಂಕಿರಣಕ್ಕೆ ಆಯ್ಕೆಯಾದರೆ ಖರ್ಚೆಲ್ಲ ಸಾಮಾನ್ಯವಾಗಿ ಮನೆಯವರ ತಲೆಗೇ ಬರುತ್ತದೆ. ಅಧ್ಯಾಪಕರು ಸಮ್ಮೇಳನಕ್ಕೆ ಹೋಗಲು ಕಾಲೇಜು ಕೊಟ್ಟ ನೆರವನ್ನು, ಕಾಲೇಜುಗಳಿಗೆ ಮಾನ್ಯತೆ ಕೊಡುವ ನ್ಯಾಕ್ ತನ್ನ ಮೌಲ್ಯಮಾಪನದಲ್ಲಿ ಪ್ರತ್ಯೇಕವಾಗಿ ಕೇಳುತ್ತದೆ. ಕೇಂದ್ರದ ಪ್ರವಾಸ ನೆರವು ಯೋಜನೆಗಳೂ ಬಹುಮಟ್ಟಿಗೆ ಅಧ್ಯಾಪಕರಿಗೆ ಮತ್ತು ಪಿಎಚ್.ಡಿ. ಮಾಡುವವರಿಗೆ. ನಡುವೆ ಉಳಿದವರು ಪದವಿ ವಿದ್ಯಾರ್ಥಿಗಳು.

ದೊಡ್ಡ ತೊಡಕು ಹಣ ಬರುವ ಹೊತ್ತಿನದು. 250–300 ಪದಗಳ ಸಾರಾಂಶ ಕಳಿಸಿ, ಒಪ್ಪಿಗೆಯ ಇ–ಮೇಲ್ ಬಂದ ಮೇಲೆ ನೋಂದಣಿಗೆ ಸಾಮಾನ್ಯವಾಗಿ ಎರಡು–ಮೂರು ವಾರವಷ್ಟೇ ಇರುತ್ತದೆ. ಅಷ್ಟರಲ್ಲಿ ಲೇಖಕರಲ್ಲಿ ಕನಿಷ್ಠ ಒಬ್ಬರು ಶುಲ್ಕ ಕಟ್ಟಬೇಕು, ಇಲ್ಲದಿದ್ದರೆ ಪ್ರಬಂಧವನ್ನೇ ಕೈಬಿಡುತ್ತಾರೆ. ‘ಹೋಗಿ ಬಂದು ಬಿಲ್ ಕೊಡಿ, ನೋಡೋಣ’ ಎಂಬ ಮಾತು ಎರಡೆಕರೆ ಮೆಕ್ಕೆಜೋಳ ನಂಬಿದ ಮನೆಯ ಮಕ್ಕಳಿಗೆ ‘ಹೋಗಬೇಡಿ’ ಎಂದಂತೆಯೇ. 2024–25ರಿಂದ ಪದವಿ ಮತ್ತೆ ಮೂರು ವರ್ಷಕ್ಕೆ ಇಳಿದಿದೆ. ಐದನೇ ಸೆಮಿಸ್ಟರ್‌ನಲ್ಲಿ ಶುರು ಮಾಡಿದ ಪ್ರಾಜೆಕ್ಟನ್ನು ಮಂಡಿಸಿ ಬಂದು, ಬಿಲ್ ಪಾಸಾಗುವಷ್ಟರಲ್ಲಿ ಟಿ.ಸಿ. ಕೈಗೆ ಬಂದಿರುತ್ತದೆ.

ಬೇಕಾದ ಮೊತ್ತವೇನೂ ದೊಡ್ಡದಲ್ಲ. ರಾಜ್ಯದೊಳಗಿನ ಎರಡು ದಿನದ ಸಂಕಿರಣಕ್ಕೆ ನೋಂದಣಿ, ಓಡಾಟ, ಒಂದು ರಾತ್ರಿಯ ವಸತಿ, ಪೋಸ್ಟರ್ ಮುದ್ರಣ ಸೇರಿ ತಲೆಗೆ ಸುಮಾರು ನಾಲ್ಕು ಸಾವಿರ ರೂಪಾಯಿ ಹಿಡಿಯಬಹುದು. ಸಾವಿರ ವಿದ್ಯಾರ್ಥಿಗಳಿರುವ ಕಾಲೇಜು ಪ್ರವೇಶದ ವೇಳೆ ತಲಾ 50 ರೂಪಾಯಿ ಎತ್ತಿಟ್ಟರೆ 50,000 ಆಯಿತು, ವರ್ಷಕ್ಕೆ ಹನ್ನೆರಡು ಮಂದಿಯನ್ನು ಕಳಿಸಬಹುದು. ಸರ್ಕಾರಿ ಕಾಲೇಜುಗಳಲ್ಲಿ ಕಾಲೇಜು ಅಭಿವೃದ್ಧಿ ಸಮಿತಿಯೇ ಇದನ್ನು ಸಭೆಯ ಮುಂದಿಟ್ಟು ತೀರ್ಮಾನಿಸಬಹುದು. ನೋಂದಣಿ ಶುಲ್ಕವನ್ನು ಕಾಲೇಜೇ ನೇರವಾಗಿ ಸಂಘಟಕರ ಖಾತೆಗೆ ಕಟ್ಟಲಿ, ಉಳಿದದ್ದರಲ್ಲಿ ಮುಕ್ಕಾಲು ಪಾಲನ್ನು ಹೊರಡುವ ಮುನ್ನ ಮುಂಗಡವಾಗಿ ಕೊಡಲಿ. ರಾಜ್ಯದೊಳಗಿನ ಸಾಮಾನ್ಯ ಬಸ್ಸುಗಳಲ್ಲಿ ವಿದ್ಯಾರ್ಥಿನಿಯರಿಗೆ ಶಕ್ತಿ ಯೋಜನೆಯಿಂದ ಚಾರ್ಜಿಲ್ಲ. ಆ ಉಳಿತಾಯದಲ್ಲಿ ಜೊತೆಗೊಬ್ಬ ಅಧ್ಯಾಪಕಿಯನ್ನು ಕಳಿಸಿದರೆ, ರಾತ್ರಿ ತಂಗಬೇಕೆಂಬ ಒಂದೇ ಕಾರಣಕ್ಕೆ ಬೇಡವೆನ್ನುವ ಮನೆಯವರೂ ಒಪ್ಪುತ್ತಾರೆ.

ಬಿಲ್ ತಿರಸ್ಕಾರವಾಗುವುದು ಸಣ್ಣಪುಟ್ಟ ಕಾರಣಗಳಿಗೆ. ಬಸ್ಸಿನ ಯಂತ್ರದ ಟಿಕೆಟ್ ಥರ್ಮಲ್ ಕಾಗದದ್ದು. ಕೆಲವೇ ವಾರಗಳಲ್ಲಿ ಅಕ್ಷರ ಮಾಸಿ ಬರೀ ಬಿಳಿ ಚೀಟಿ ಉಳಿಯುತ್ತದೆ. ಅಂದೇ ಜೆರಾಕ್ಸ್ ಮಾಡಿಸಿ ಮೂಲದ ಜೊತೆ ಪಿನ್ ಮಾಡಬೇಕು. ಯುಪಿಐ ಸ್ಕ್ರೀನ್‌ಶಾಟನ್ನು ಆಡಿಟ್‌ನವರು ರಸೀದಿ ಎಂದು ಒಪ್ಪುವುದಿಲ್ಲ, ಸಂಘಟಕರಿಂದ ಸಂಖ್ಯೆ ಇರುವ ರಸೀದಿಯನ್ನೇ ಕೇಳಿ ಪಡೆಯಬೇಕು. ಮೂವರು ಸೇರಿ ಬರೆದ ಪ್ರಬಂಧಕ್ಕೆ ಒಬ್ಬರ ಹೆಸರಲ್ಲಷ್ಟೇ ರಸೀದಿ ಇದ್ದರೆ ಉಳಿದಿಬ್ಬರ ಪ್ರಯಾಣಕ್ಕೆ ಆಧಾರವೇ ಇರುವುದಿಲ್ಲ. ಪ್ರಾಂಶುಪಾಲರ ಅನುಮತಿ ಪತ್ರದ ದಿನಾಂಕ ಹೊರಟ ದಿನಕ್ಕಿಂತ ಹಿಂದಿನದೇ ಆಗಿರಬೇಕು. ಅದೇ ಪತ್ರದಲ್ಲಿ ಅನ್ಯ ಕಾರ್ಯ ನಿಮಿತ್ತ ಹಾಜರಾತಿಯನ್ನೂ, ಕಿರು ಪರೀಕ್ಷೆ ತಪ್ಪಿದರೆ ಬೇರೆ ದಿನ ಕೊಡುವುದನ್ನೂ ಬರೆಸಿಕೊಳ್ಳಬೇಕು. ಬಾಯಿಮಾತಿನ ಅನುಮತಿ ಶೇ 75ರ ಹಾಜರಾತಿ ಲೆಕ್ಕ ಹಾಕುವಾಗ ಯಾರಿಗೂ ನೆನಪಿರುವುದಿಲ್ಲ.

ಪೋಸ್ಟರಿನ ವಿಷಯಕ್ಕೂ ಗಮನ ಬೇಕು. ಪೋಸ್ಟರಿನ ಎ0 ಅಳತೆ ಅಂದರೆ 84.1 × 118.9 ಸೆಂ.ಮೀ. ಸಂಘಟಕರ ಬೋರ್ಡು ಉದ್ದನೆಯದೋ ಅಡ್ಡದ್ದೋ ಎಂದು ಕೇಳದೆ ಅಡ್ಡಕ್ಕೆ ವಿನ್ಯಾಸ ಮಾಡಿದರೆ ಅಂಚು ಹೊರಗೆ ಜೋತಾಡುತ್ತದೆ. ಫ್ಲೆಕ್ಸ್ ಅಂಗಡಿಗೆ ‘ನುಡಿ’ ತಂತ್ರಾಂಶದಲ್ಲಿ ಬರೆದ ವರ್ಡ್ ಫೈಲ್ ಕೊಟ್ಟರೆ ಅಲ್ಲಿನ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದೆ ಒತ್ತಕ್ಷರಗಳೆಲ್ಲ ಚದುರುತ್ತವೆ. ಯೂನಿಕೋಡ್‌ನಲ್ಲಿ ಬರೆದು, ಫಾಂಟ್ ಸೇರಿಸಿದ ಪಿಡಿಎಫ್ ಮಾಡಿ, ಒಮ್ಮೆ ಎ4 ಹಾಳೆಯಲ್ಲಿ ತೆಗೆದು ನೋಡಬೇಕು. ಅದರಲ್ಲಿ ಓದಲಾಗದ ಗ್ರಾಫ್ ದೊಡ್ಡದರಲ್ಲೂ ದೂರದಿಂದ ಕಾಣುವುದಿಲ್ಲ.

ಹಣ ಕೊಡುವ ಮೊದಲು ಸಂಕಿರಣ ಅಸಲಿಯೇ ಎಂದು ವಿಭಾಗದಲ್ಲಿ ಒಬ್ಬರು ಪರಿಶೀಲಿಸಲೇಬೇಕು. ಕಳಿಸಿದ ಮರುದಿನವೇ ಒಪ್ಪಿಗೆ, ಎಂಜಿನಿಯರಿಂಗ್‌ನಿಂದ ಕನ್ನಡ ಸಾಹಿತ್ಯದವರೆಗೆ ಎಲ್ಲಕ್ಕೂ ಒಂದೇ ಸಮ್ಮೇಳನ, ವ್ಯಕ್ತಿಯ ಖಾತೆಗೆ ಶುಲ್ಕ: ಇವುಗಳಲ್ಲಿ ಒಂದು ಕಂಡರೂ ದೂರವಿರಿ. ‘ಯುಜಿಸಿ ಕೇರ್ ಪಟ್ಟಿಯ ಪತ್ರಿಕೆಯಲ್ಲಿ ಪ್ರಕಟಣೆ’ ಎಂಬ ಆಮಿಷವೂ ಬೇಡ, ಒಪ್ಪಿತ ಸಂಶೋಧನಾ ಪತ್ರಿಕೆಗಳ ಆ ಪಟ್ಟಿಯನ್ನು ಯುಜಿಸಿ 2025ರಲ್ಲಿ ಕೈಬಿಟ್ಟಿದೆ.

ಈಗಾಗಲೇ ಇರುವ ಅವಕಾಶಗಳನ್ನೂ ನಮ್ಮ ಮಕ್ಕಳು ತಪ್ಪಿಸಿಕೊಳ್ಳಬಾರದು. ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ನಲ್ಲಿ ಎರಡು ತಿಂಗಳ ಕೆಲಸ, ಭತ್ಯೆ, ರೈಲು ಚಾರ್ಜು ಸಿಗುತ್ತದೆ. ಮಂಡಿಸಲು ಯೋಗ್ಯವಾದ ವಿಷಯ ಹುಟ್ಟುವುದೇ ಇಂಥ ಕಡೆ. ವಿಜ್ಞಾನ ಓದುವವರಿಗೆ ಕೇಂದ್ರ ಸರ್ಕಾರ ಕೊಡುವ ಇನ್‌ಸ್ಪೈರ್ ವಿದ್ಯಾರ್ಥಿವೇತನದ ವಾರ್ಷಿಕ 80,000 ರೂಪಾಯಿಯಲ್ಲಿ 20,000 ಬೇಸಿಗೆ ಯೋಜನೆಗೆಂದೇ ಇದೆ. ಎಂಜಿನಿಯರಿಂಗ್ ಅಂತಿಮ ವರ್ಷದವರಿಗೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿದ್ಯಾರ್ಥಿ ಯೋಜನಾ ಕಾರ್ಯಕ್ರಮವಿದೆ. ಕಂಪ್ಯೂಟರ್ ವಿಜ್ಞಾನದ ವಿದ್ಯಾರ್ಥಿನಿಯರು ಸಂಶೋಧನಾ ಸಮ್ಮೇಳನಗಳಿಗೆ ಹೋಗಲು ಕಂಪ್ಯೂಟಿಂಗ್ ಕ್ಷೇತ್ರದ ಮಹಿಳೆಯರಿಗಾಗಿರುವ ಅಂತರರಾಷ್ಟ್ರೀಯ ಸಂಘಟನೆ ಎಸಿಎಂ–ಡಬ್ಲ್ಯು ನೆರವು ಕೊಡುತ್ತದೆ, ಪದವಿಯವರೂ ಅರ್ಜಿ ಹಾಕಬಹುದು. ಬಿ.ಎ., ಬಿ.ಕಾಂ.ನವರಿಗೆ ಇಷ್ಟು ಬಾಗಿಲುಗಳಿಲ್ಲ. ಕಾಲೇಜಿನ ನಿಧಿಯಲ್ಲಿ ಅವರ ಪಾಲನ್ನು ಮೊದಲೇ ಎತ್ತಿಡಬೇಕು.

ದಾವಣಗೆರೆ ವಿಶ್ವವಿದ್ಯಾಲಯ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳ ಕಾಲೇಜುಗಳಿಗೆ ಈ ಮುಂಗಡ ನಿಧಿಯ ಬಗ್ಗೆ ಸುತ್ತೋಲೆ ಹೊರಡಿಸಬೇಕೆಂದು ಕೋರುತ್ತೇವೆ. ಜೊತೆಗೆ ಪದವಿ ವಿದ್ಯಾರ್ಥಿಗಳೇ ಮಂಡಿಸುವ ಒಂದು ದಿನದ ಸಂಕಿರಣ ಒಂದು ವರ್ಷ ವಿಶ್ವವಿದ್ಯಾಲಯದ ಆವರಣವಾದ ಶಿವಗಂಗೋತ್ರಿಯಲ್ಲಿ, ಮರುವರ್ಷ ಚಿತ್ರದುರ್ಗದಲ್ಲಿ ನಡೆಯಲಿ. ಚಳ್ಳಕೆರೆ ಬಳಿಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವೇ ಇದೆ. ಪ್ರಬಂಧಗಳನ್ನು ಓದಿ ತಿದ್ದಿಕೊಡುವವರನ್ನು ಅಲ್ಲಿಂದಲೂ ಆಹ್ವಾನಿಸಬಹುದು. ಬೆಳಿಗ್ಗೆ ಬಸ್ಸಿಗೆ ಬಂದು ಸಂಜೆ ಮನೆ ಸೇರುವಂತಿದ್ದರೆ ಮೊಳಕಾಲ್ಮುರು, ಜಗಳೂರಿನ ವಿದ್ಯಾರ್ಥಿಗಳೂ ಬರುತ್ತಾರೆ.

– ಪದವಿ ಕಾಲೇಜುಗಳ ಕೆಲವು ಅಧ್ಯಾಪಕರು, ದಾವಣಗೆರೆ ಮತ್ತು ಚಿತ್ರದುರ್ಗ