ರಿಲೇ ಪಟ್ಟಿಯಲ್ಲಿ ಕಾಣುತ್ತಿಲ್ಲವೇ? ಮೊದಲು ಇಷ್ಟು ನೋಡಿ

ಟಾರ್ ರಿಲೇ (ಬಳಕೆದಾರರ ಗುರುತು ಮರೆಮಾಡುವ ಟಾರ್ ಜಾಲದಲ್ಲಿ ಟ್ರಾಫಿಕ್ ದಾಟಿಸುವ ಸರ್ವರ್) ನಡೆಸುತ್ತಿರುವ ಎಲ್ಲರ ಗಮನಕ್ಕೆ. ಪ್ರೋಗ್ರಾಂ ಓಡುತ್ತಿದ್ದರೂ ರಿಲೇ ಟಾರ್‌ನ ಸಾರ್ವಜನಿಕ ಪಟ್ಟಿಗೆ ಬಂದಿಲ್ಲ ಅಂದರೆ ಮೊದಲು ಲಾಗ್ (ಪ್ರೋಗ್ರಾಂ ಬರೆದಿಡುವ ದಾಖಲೆ) ತೆರೆಯಿರಿ. ಓಆರ್‌ಪೋರ್ಟ್ (ರಿಲೇಗೆ ಬೇರೆಯವರು ಸಂಪರ್ಕಿಸುವ ಪೋರ್ಟ್) ಹೊರಗಿನಿಂದ ಸಿಗುತ್ತಿದೆ ಎಂಬ ಸಾಲು ಅಲ್ಲಿ ಇರಲೇಬೇಕು. ಇಲ್ಲದಿದ್ದರೆ ಫೈರ್‌ವಾಲ್‌ನಲ್ಲಿ ಆ ಪೋರ್ಟ್‌ಗೆ ಟಿಸಿಪಿ ಸಂಪರ್ಕ ಬರಲು ಬಿಡಿ. ಮನೆಯ ರೂಟರ್ ಹಿಂದಿದ್ದರೆ ಪೋರ್ಟ್ ಫಾರ್ವರ್ಡ್ (ರೂಟರ್‌ಗೆ ಬಂದ ಸಂಪರ್ಕವನ್ನು ರಿಲೇ ಯಂತ್ರಕ್ಕೆ ಕಳಿಸುವ ಸೆಟ್ಟಿಂಗ್) ಕೂಡ ಮಾಡಬೇಕು.

ಹೆಚ್ಚಿನವರು ಎಡವುವುದು ಐಪಿವಿ6ನಲ್ಲಿ (ಇಂಟರ್ನೆಟ್ ವಿಳಾಸದ ಹೊಸ ಬಗೆ; ಹಳೆಯದು ಐಪಿವಿ4). ಐಪಿವಿ4 ಸರಿಯಿದ್ದು ಐಪಿವಿ6 ವಿಳಾಸ ಹೊರಗಿನಿಂದ ಸಿಗದಿದ್ದರೆ ಟಾರ್ ಆ ರಿಲೇಯ ವಿವರವನ್ನು ಪಟ್ಟಿಗಾಗಿ ಪ್ರಕಟಿಸದೇ ಇರಬಹುದು. ಐಪಿವಿ6 ಸರಿಪಡಿಸಿ, ಆಗದಿದ್ದರೆ ಟಾರ್‌ಆರ್‌ಸಿಯಲ್ಲಿ (ಟಾರ್‌ನ ಸೆಟ್ಟಿಂಗ್ ಫೈಲ್) ‘ಓಆರ್‌ಪೋರ್ಟ್ 9001’ ಸಾಲಿನ ಕೊನೆಗೆ ‘ಐಪಿವಿ4ಓನ್ಲಿ’ ಸೇರಿಸಿ (ಫೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ, ನಡುವೆ ಜಾಗ ಬಿಟ್ಟು). ಗಡಿಯಾರವನ್ನೂ ನೋಡಿಕೊಳ್ಳಿ, ಎನ್‌ಟಿಪಿ (ಸಮಯವನ್ನು ತಾನಾಗಿ ಸರಿಯಿಡುವ ಸೇವೆ) ಓಡುತ್ತಿರಲಿ.

ಸರಿಪಡಿಸಿದ ತಕ್ಷಣ ಹೆಸರು ಬರುವುದಿಲ್ಲ. ಪಟ್ಟಿ ಗಂಟೆಗೊಮ್ಮೆ ಹೊಸದಾಗುತ್ತದೆ. ಎರಡು ಮೂರು ಗಂಟೆ ಕಾಯಿರಿ. ಹೊಸ ರಿಲೇಗೆ ಮೊದಲ ದಿನಗಳಲ್ಲಿ ಟ್ರಾಫಿಕ್ ತೀರಾ ಕಡಿಮೆ, ಅದು ದೋಷವಲ್ಲ. ಆ ಗಾಬರಿಯಲ್ಲಿ ದಿನಕ್ಕೆ ನಾಲ್ಕು ಸಲ ರೀಸ್ಟಾರ್ಟ್ ಮಾಡಿದರೆ ಸ್ಟೇಬಲ್ ಫ್ಲ್ಯಾಗ್ (ರಿಲೇ ನಿಲ್ಲದೆ ಓಡುತ್ತದೆ ಎಂದು ಪಟ್ಟಿಯಲ್ಲಿ ಹಾಕುವ ಗುರುತು) ಸಿಗುವುದು ಇನ್ನೂ ತಡ. ಸಣ್ಣ ಬದಲಾವಣೆಗೆ ರೀಲೋಡ್ (ನಿಲ್ಲಿಸದೆ ಸೆಟ್ಟಿಂಗ್ ಮತ್ತೆ ಓದಿಸುವುದು) ಸಾಕು.

ಸರ್ವರ್ ಬದಲಿಸುವವರು ಕೀಸ್ ಫೋಲ್ಡರನ್ನು (ರಿಲೇಯ ಗುಟ್ಟಿನ ಕೀ ಫೈಲ್‌ಗಳಿರುವ ಜಾಗ) ಮೊದಲೇ ನಕಲು ಮಾಡಿಟ್ಟುಕೊಳ್ಳಿ. ಅದು ಹೋದರೆ ರಿಲೇಯ ಗುರುತಾದ ಫಿಂಗರ್‌ಪ್ರಿಂಟೂ ಹೋಯಿತು, ಮತ್ತೆ ಸೊನ್ನೆಯಿಂದ ಶುರು. ಆದರೂ ಸರಿಹೋಗದಿದ್ದರೆ ನಮ್ಮ ಗುಂಪಿನಲ್ಲಿ ಲಾಗ್ ಹಾಕಿ, ಆದರೆ ಕೀ ಫೈಲ್ ಮಾತ್ರ ಬೇಡ.