ಆ ರಾತ್ರಿಯ ನರ್ಸ್ ಅಕ್ಕನಿಗೆ

ಜುಲೈ ಮಳೆ. ನಾಪೋಕ್ಲಿನಿಂದ ಜೀಪಿನಲ್ಲಿ ಮಡಿಕೇರಿ ತಲುಪುವಷ್ಟರಲ್ಲಿ ನನಗೆ ಬಾಯಿ ತೆರೆಯುವುದೇ ಕಷ್ಟವಾಗಿತ್ತು. ತುರ್ತು ವಿಭಾಗದಲ್ಲಿ ಜನ ಜಾಸ್ತಿ. ಚೀಟಿಯಲ್ಲಿ ಬರೀ 'ಗಂಟಲು ನೋವು' ಎಂದಿತ್ತು. ಹಾಗಂದರೆ ಯಾರಿಗಾದರೂ ಸಣ್ಣದೇ ಅನಿಸುತ್ತದೆ, ಅಲ್ವಾ?

ನಾನು ಟವೆಲಿನಿಂದ ಜೊಲ್ಲು ಒರೆಸಿಕೊಳ್ಳುವುದನ್ನು ನೋಡಿ ನೀವು ನಿಂತಿರಿ. "ಎಂಜಲು ನುಂಗೋಕೂ ಆಗ್ತಿಲ್ವಾ? ಉಸಿರಾಡೋಕೆ ಕಷ್ಟನಾ?" ಎಂದು ಕೇಳಿ, ಕೂಡಲೇ ಡಾಕ್ಟರನ್ನು ಕರೆತಂದಿರಿ. ಟಾನ್ಸಿಲ್ ಪಕ್ಕದಲ್ಲಿ ಕೀವು ಕಟ್ಟಿತ್ತು. ಬಿಟ್ಟಿದ್ದರೆ ಉಸಿರಿಗೇ ಅಡ್ಡಿಯಾಗಬಹುದಿತ್ತಂತೆ. ಸೂಜಿ ಹಾಕಿ ಕೀವು ತೆಗೆಯುವಾಗ ನೀವು ನನ್ನ ಕೈ ಬಿಡಲೇ ಇಲ್ಲ. ಮಳೆಯಲ್ಲಿ ನೆನೆದಿದ್ದ ಅಮ್ಮನಿಗೆ ಬಿಸಿ ಕಾಫಿಯನ್ನೂ ಕೊಟ್ಟಿರಂತೆ.

ಬೆಳಗ್ಗೆ ಮೊದಲ ಗುಟುಕು ಗಂಜಿ ಇಳಿಯಿತು. ಹೆಸರು ಕೇಳೋಣವೆಂದರೆ ನಿಮ್ಮ ಪಾಳಿ ಮುಗಿದಿತ್ತು. ಅಕ್ಕ, ತುಂಬಾ ಥ್ಯಾಂಕ್ಸ್.